ಬೀಳ್ಕೊಳ್ಳುವವರು ಮತ್ತು ಬೀಳ್ಕೊಡುವವರು

ಮನೆಯಿಂದ ಹೊರಟವನು ‘ಹೋಗುತ್ತೇನೆ’ ಎಂದರೆ ನಮ್ಮ ಹಿರಿಯರು ಒಡನೆಯೇ ತಿದ್ದುತ್ತಾರೆ. ‘ಹೋಗಿ ಬರುತ್ತೇನೆ ಅನ್ನಬೇಕು’ ಎನ್ನುತ್ತಾರೆ. ಬರಿಯ ‘ಹೋಗುತ್ತೇನೆ’ ಎಂಬುದು ಅಮಂಗಳವೆಂದು ಅವರ ಭಾವನೆ. ನಮ್ಮ ನಾರಾಯಣಖೇಡ ಸೀಮೆಯು 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಗೆ ಸೇರಿದ್ದಿತು. ಆ ಬಳಿಕ ಮೇದಕಕ್ಕೆ ಸೇರಿ, 2016ರಲ್ಲಿ ಸಂಗಾರೆಡ್ಡಿ ಜಿಲ್ಲೆಗೆ ಸಂದಿತು. ಜಿಲ್ಲೆ ಯಾವುದಾದರೂ ಇಲ್ಲಿಯ ಸಂತೆಯಲ್ಲಿ ನಾಲ್ಕು ಭಾಷೆಗಳು ಕಿವಿಗೆ ಬೀಳುವುದು ತಪ್ಪಿಲ್ಲ. ತೆಲುಗಿನವರ ‘ವೆಳ್ಳಿ ವಸ್ತಾನು’ ನಮ್ಮ ‘ಹೋಗಿ ಬರುತ್ತೇನೆ’ಯೇ ಆಗಿದೆ. ಮರಾಠಿಯವರು ಹೋಗುವ ಮಾತನ್ನೇ ಎತ್ತದೆ ‘ಯೇತೋ’, ಅಂದರೆ ‘ಬರುತ್ತೇನೆ’ ಎಂದು ಹೇಳಿ ಹೊರಟುಬಿಡುತ್ತಾರೆ. ಉರ್ದುವಿನ ‘ಖುದಾ ಹಾಫಿಜ್’ ಎಂಬುದಕ್ಕೆ ದೇವರು ಕಾಪಾಡಲಿ ಎಂದರ್ಥ. ಇಂಗ್ಲಿಷಿನ ‘ಗುಡ್‌ಬೈ’ ಕೂಡ ‘ದೇವರು ನಿಮ್ಮೊಡನೆ ಇರಲಿ’ ಎಂಬ ಹಳೆಯ ವಾಕ್ಯವು ಸವೆದು ಸವೆದು ಉಳಿದ ರೂಪವೇ.

ಹೀಗೆ ಅಗಲುವಾಗಿನ ಮಾತು ಎರಡು ಬಗೆ. ಒಂದು, ಮರಳಿ ಬರುವೆನೆಂಬ ಭರವಸೆ. ಇನ್ನೊಂದು, ಬರುವುದು ನಮ್ಮ ಕೈಯಲ್ಲಿಲ್ಲವೆಂದು ತಿಳಿದು ಮಾಡುವ ಹಾರೈಕೆ. ಪರದೇಶದಲ್ಲಿ ಕೆಲವು ತಿಂಗಳು ತರಬೇತಿ ಪಡೆದು ಹಿಂದಿರುಗುವ ವಿದ್ಯಾರ್ಥಿಗೆ ಮೊದಲನೆಯ ಬಗೆಯ ಮಾತು ಬಾಯಿಗೆ ಸುಲಭವಾಗಿ ಬರುವುದಿಲ್ಲ.

ಇಂಥವರನ್ನು ಕಾಣಲು ನಾವು ಬಹುದೂರ ಹೋಗಬೇಕಾಗಿಲ್ಲ. ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಪಟಾನ್‌ಚೆರುವಿನ ಬಳಿ 1972ರಲ್ಲಿ ಸ್ಥಾಪಿತವಾದ ‘ಇಕ್ರಿಸ್ಯಾಟ್’ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನ ಸಂಸ್ಥೆಯಿದೆ. ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಮೊದಲಾದ, ನಮ್ಮ ಹೊಲಗಳಲ್ಲೇ ಬೆಳೆಯುವ ಬೆಳೆಗಳ ಮೇಲೆ ಅಲ್ಲಿ ಸಂಶೋಧನೆ ನಡೆಯುತ್ತದೆ. ಆಫ್ರಿಕ ಮತ್ತು ಏಷ್ಯದ ನಾನಾ ದೇಶಗಳ ತರುಣರು ಅಲ್ಲಿಗೆ ಬಂದು ಕಲಿತು ಹೋಗುತ್ತಾರೆ. ನಮ್ಮವರೂ ಹೀಗೆಯೇ ಹೊರದೇಶಗಳಿಗೆ ಹೋಗುತ್ತಾರೆ. ಈ ಪುಟವನ್ನು ಓದುವ ಬಾಲಕ ಬಾಲಕಿಯರಲ್ಲಿ ಕೆಲವರಾದರೂ ಮುಂದೆ ಹೋಗುವರು.

ಶಾಲೆಯ ಗೆಳೆಯರು ಅಗಲಿದರೂ ನಾರಾಯಣಖೇಡದ ಬಸ್ ನಿಲ್ದಾಣದಲ್ಲೋ ಯಾರದಾದರೂ ಮದುವೆಯಲ್ಲೋ ಮತ್ತೆ ಎದುರಾಗುತ್ತಾರೆ. ತರಬೇತಿಯ ಗೆಳೆಯರಿಗೆ ಆ ಅನುಕೂಲವಿಲ್ಲ. ಒಂದೇ ಅಡಿಗೆಮನೆಯಲ್ಲಿ ಉಂಡು, ಒಂದೇ ಕೆಲಸದಲ್ಲಿ ಬೆವರು ಸುರಿಸಿದವರು ಒಂದು ಬೆಳಗ್ಗೆ ವಿಮಾನವೇರಿ ಬೇರೆ ಬೇರೆ ಖಂಡಗಳನ್ನು ಸೇರುತ್ತಾರೆ. ಹಿಂದಿರುಗಿದ ಮಗ ಅಥವಾ ಮಗಳು ಮನೆಯಲ್ಲಿ ಕೆಲವು ದಿನ ಮೌನವಾಗಿದ್ದರೆ ತಂದೆತಾಯಿಗಳು ‘ನಮ್ಮನ್ನು ಮರೆತರು’ ಎಂದು ನೊಂದುಕೊಳ್ಳಬೇಕಾಗಿಲ್ಲ. ಅಲ್ಲಿಯ ಗೆಳೆಯರ ಹೆಸರು ಕೇಳಿರಿ, ಅವರ ಊಟ ಉಡಿಗೆಗಳ ವಿಷಯ ಕೇಳಿರಿ. ತಾನಾಗಿಯೇ ಮಾತು ಹೊರಡುತ್ತದೆ.

ಕನ್ನಡದಲ್ಲಿ ಈ ಸಂದರ್ಭಕ್ಕೆ ಎರಡು ಕ್ರಿಯಾಪದಗಳುಂಟು. ಹೋಗುವವನು ‘ಬೀಳ್ಕೊಳ್ಳುತ್ತಾನೆ’, ಉಳಿಯುವವನು ‘ಬೀಳ್ಕೊಡುತ್ತಾನೆ’. ಒಬ್ಬನು ಅಪ್ಪಣೆಯನ್ನು ಪಡೆಯುತ್ತಾನೆ, ಇನ್ನೊಬ್ಬನು ಕೊಡುತ್ತಾನೆ. ಆದುದರಿಂದ ಸದ್ದಿಲ್ಲದೆ ಹೊರಟುಹೋಗುವುದು ನಮ್ಮ ಸಂಪ್ರದಾಯಕ್ಕೆ ಒಪ್ಪುವುದಿಲ್ಲ. ಕಲಿಸಿದವರ ಬಳಿಗೆ ಮಾತ್ರವಲ್ಲ, ಅಡಿಗೆಯವರು, ಕಾವಲುಗಾರರು, ಕೊಠಡಿ ಗುಡಿಸಿದವರು ಇವರ ಬಳಿಗೂ ಹೋಗಿ ಅಪ್ಪಣೆ ಕೇಳಬೇಕು. ಪಡೆದ ಪುಸ್ತಕವನ್ನು ಹಿಂದಿರುಗಿಸಬೇಕು. (ಇದನ್ನು ನಮ್ಮ ಶಾಲೆಯ ಗ್ರಂಥಾಲಯವನ್ನು ನೆನೆದೂ ಬರೆಯುತ್ತಿದ್ದೇನೆ.)

ಈಗ ದೂರವಾಣಿಯಲ್ಲಿ ಮುಖ ನೋಡಿಯೇ ಮಾತನಾಡಬಹುದಲ್ಲ, ಅಗಲಿಕೆ ಎಲ್ಲಿಯದು ಎಂದು ಕೆಲವರು ಕೇಳುವರು. ಸಾಧನವಿದ್ದ ಮಾತ್ರಕ್ಕೆ ಮಾತಿಗೆ ವಿಷಯ ಒದಗುವುದಿಲ್ಲ. ಮೊದಲು ದಿನವೂ ನಡೆಯುವ ಸಂಭಾಷಣೆ ಹಬ್ಬಕ್ಕೊಮ್ಮೆಯ ಶುಭಾಶಯಕ್ಕೆ ಇಳಿದು, ಆಮೇಲೆ ಅದೂ ನಿಲ್ಲುತ್ತದೆ. ಇಬ್ಬರೂ ಕೂಡಿ ಮಾಡುವ ಕೆಲಸವೊಂದು ಬಾಕಿಯಿದ್ದರೆ ಮಾತ್ರ ಸ್ನೇಹಕ್ಕೆ ಉಸಿರಿರುತ್ತದೆಂದು ನಾನು ತಿಳಿದಿದ್ದೇನೆ. ಇದಕ್ಕೆ ಏಳನೆಯ ಶತಮಾನದ ಒಂದು ದೃಷ್ಟಾಂತವಿದೆ.

ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ಬಣ್ಣಿಸಿದ ಚೀನೀ ಯಾತ್ರಿಕ ಹ್ಯುಎನ್‌ತ್ಸಾಂಗನನ್ನು ಚರಿತ್ರೆಯ ಪಾಠದಲ್ಲಿ ನೀವು ಬಲ್ಲಿರಿ. ಆತನು ನಾಲಂದದಲ್ಲಿ ಆಚಾರ್ಯ ಶೀಲಭದ್ರರ ಬಳಿ ವರ್ಷಗಟ್ಟಲೆ ಓದಿದನು. ಹೊರಡುವೆನೆಂದಾಗ ಅಲ್ಲಿಯ ಭಿಕ್ಷುಗಳು ‘ಇಲ್ಲಿಯೇ ಇರು’ ಎಂದು ಬಹಳವಾಗಿ ಒತ್ತಾಯಿಸಿದರು. ತಾನು ಕಲಿತದ್ದು ತನ್ನ ನಾಡಿಗೆ ಮುಟ್ಟಬೇಕೆಂದು ಆತನು ಒಪ್ಪಲಿಲ್ಲ. ಶೀಲಭದ್ರರು ಸಂತೋಷದಿಂದಲೇ ಅಪ್ಪಣೆಯಿತ್ತರು. ದಾರಿಯಲ್ಲಿ ಸಿಂಧೂ ನದಿಯನ್ನು ದಾಟುವಾಗ ದೋಣಿ ಅಲೆಗೆ ಸಿಕ್ಕಿ, ಕೆಲವು ಗ್ರಂಥಗಳೂ ಅಪೂರ್ವ ಹೂಗಿಡಗಳ ಬೀಜಗಳೂ ನೀರುಪಾಲಾದವು. ಆದರೂ 645ರಲ್ಲಿ ಆತನು ತನ್ನ ದೇಶದ ರಾಜಧಾನಿಯನ್ನು ಸೇರಿದಾಗ ಜೊತೆಯಲ್ಲಿ 657 ಗ್ರಂಥಗಳಿದ್ದವು.

652ರಲ್ಲಿ ಭಾರತದ ಭಿಕ್ಷುವೊಬ್ಬನು ಚೀನಕ್ಕೆ ಹೋದಾಗ, ಬೋಧಗಯೆಯ ಮಹಾಬೋಧಿ ವಿಹಾರದಿಂದ ಜ್ಞಾನಪ್ರಭ ಮತ್ತು ಪ್ರಜ್ಞಾದೇವ ಎಂಬ ಹಳೆಯ ಗೆಳೆಯರು ಆತನ ಕೈಯಲ್ಲಿ ಪತ್ರವನ್ನೂ ಬಿಳಿಯ ಹತ್ತಿಬಟ್ಟೆಯ ಎರಡು ಥಾನುಗಳನ್ನೂ ಕಳುಹಿಸಿದರು. ಕಾಣಿಕೆ ಚಿಕ್ಕದಾದರೂ ಮರೆತಿಲ್ಲವೆಂಬುದರ ಗುರುತಾಗಿ ಸ್ವೀಕರಿಸಬೇಕೆಂದು ಕೋರಿದ್ದರು. ಈ ಪ್ರಜ್ಞಾದೇವನು ಬೇರೆ ಪಂಥದವನು. ಕನೌಜಿನಲ್ಲಿ ಹ್ಯುಎನ್‌ತ್ಸಾಂಗನೊಡನೆ ಬಿರುಸಾಗಿ ವಾದಿಸಿದ್ದವನು. ಆ ವಾದದ ಬಿಸಿ ಸಭೆ ಮುಗಿದೊಡನೆಯೇ ಆರಿತೆಂದು ಹ್ಯುಎನ್‌ತ್ಸಾಂಗನು ಉತ್ತರದಲ್ಲಿ ಬರೆದನು. 654ರಲ್ಲಿ ಅದೇ ಭಿಕ್ಷುವು ಹಿಂದಿರುಗುವಾಗ ಆ ಉತ್ತರಗಳು ಹೊರಟವು. ಜ್ಞಾನಪ್ರಭನಿಗೆ ಬರೆದ ಪತ್ರದಲ್ಲಿ ಗುರು ಶೀಲಭದ್ರರು ತೀರಿಕೊಂಡ ಸುದ್ದಿಗೆ ದುಃಖಿಸಿದ್ದಾನೆ. ಎಷ್ಟು ಗ್ರಂಥಗಳ ಅನುವಾದವಾಯಿತೆಂಬ ಲೆಕ್ಕವನ್ನು ಒಪ್ಪಿಸಿದ್ದಾನೆ. ಬಳಿಕ, ಹಿಂದೆ ಸಿಂಧೂ ನದಿಯಲ್ಲಿ ಒಂದು ಹೊರೆ ಗ್ರಂಥಗಳು ಕಳೆದುಹೋದುವೆಂದು ತಿಳಿಸಿ, ಅವುಗಳ ಹೆಸರುಗಳ ಪಟ್ಟಿಯನ್ನು ಜೊತೆಗಿಟ್ಟು, ಈ ಕಡೆಗೆ ಬರುವವರು ಯಾರಾದರೂ ಸಿಕ್ಕಿದರೆ ಅವರೊಡನೆ ಪ್ರತಿಗಳನ್ನು ಕಳುಹಿಸಿಕೊಡಬೇಕೆಂದು ಕೇಳಿಕೊಂಡಿದ್ದಾನೆ.