ಅಪ್ಪನ ಹಳೇ ಲ್ಯಾಪ್‌ಟಾಪ್, ಹೊಸ ಲಿನಕ್ಸ್

‘ಇದಕ್ಕೆ ಆಗಲ್ಲ ಸಾರ್, ಹೊಸದೇ ತಗೊಳ್ಳಿ’ ಅಂದುಬಿಟ್ಟ ಅಂಗಡಿಯವನು. 2017ರಲ್ಲಿ ನನ್ನ ಮೊದಲ ಸಂಬಳದಲ್ಲಿ ಅಪ್ಪನಿಗೆ ಕೊಡಿಸಿದ್ದ ಲ್ಯಾಪ್‌ಟಾಪ್ ಅದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿದಿತ್ತು. ಅದರ ಏಳನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿರಲಿಲ್ಲ.

ಎಸೆಯೋಕೆ ಮನಸ್ಸು ಬರಲಿಲ್ಲ. ಭಾನುವಾರ ಫೈಲುಗಳನ್ನೆಲ್ಲ ಕಾಪಿ ಮಾಡಿಟ್ಟು, ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿದೆ. ಹೀಗೆ ಮಾಡಿದರೆ ಡಿಸ್ಕ್ ಮುಟ್ಟದೇ ವೈಫೈ, ಸೌಂಡ್, ಪ್ರಿಂಟರ್ ಕೆಲಸ ಮಾಡುತ್ತವಾ ಅಂತ ಗೊತ್ತಾಗುತ್ತೆ. ಎಲ್ಲ ಸರಿಯಿತ್ತು. ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ ಇನ್‌ಸ್ಟಾಲ್ ಮಾಡಿದೆ.

ಆಮೇಲೆ ಅಪ್ಪ ನುಡಿಯಲ್ಲಿ ಟೈಪ್ ಮಾಡಿದ್ದ ಊರಿನ ಸಂಘದ ಕಡತ ತೆರೆದರು. ಬರೀ ಚಿತ್ರವಿಚಿತ್ರ ಅಕ್ಷರ! ‘ಎಂಟು ವರ್ಷದ ಲೆಕ್ಕ ಕಣೋ’ ಅಂದರು, ಮುಖ ಸಣ್ಣಗಾಯಿತು. ಹಳೇ ನುಡಿ ಫಾಂಟಿನ ಬರಹ ಯೂನಿಕೋಡ್ ಅಲ್ಲ ಅನ್ನೋದನ್ನ ನಾನೇ ಮರೆತಿದ್ದೆ. ಕನ್ವರ್ಟರ್‌ಗೆ ಹಾಕಿ ಒಂದೊಂದೇ ಫೈಲ್ ಬದಲಿಸುವಷ್ಟರಲ್ಲಿ ರಾತ್ರಿಯಾಯಿತು.

ನಿಮ್ಮನೆಯಲ್ಲೂ ಹಳೇ ಲ್ಯಾಪ್‌ಟಾಪ್ ಇದ್ದರೆ ಮೊದಲು ಪೆನ್‌ಡ್ರೈವ್‌ನಲ್ಲಿ ಪರೀಕ್ಷಿಸಿ. ವೈಫೈ ಜೊತೆಗೆ ಮನೆಯವರು ದಿನಾ ತೆರೆಯೋ ಫೈಲುಗಳನ್ನೂ ಅಲ್ಲೇ ತೆರೆದು ನೋಡಿ.

ಅಪ್ಪ ಈಗ ಯೂನಿಕೋಡ್‌ನಲ್ಲೇ ಲೆಕ್ಕ ಬರೀತಾರೆ. ‘ಆನ್ ಆಗೋದರೊಳಗೆ ಕಾಫಿ ಕುಡಿದು ಬರ್ತಿದ್ದೆ, ಈಗ ಅದಕ್ಕೂ ಪುರುಸೊತ್ತಿಲ್ಲ’ ಅನ್ನೋದೊಂದೇ ಅವರ ದೂರು.