ತಟ್ಟೆ ನಮ್ಮದು, ಪಂಕ್ತಿ ಎಲ್ಲರದು

ಸದ್ಭಕ್ತರ ಮನೆಗಳಿಂದ ಓದಿಗೆ, ಕಾಯಕಕ್ಕೆ ಹೊರಟ ಮಕ್ಕಳು ಇಂದು ಎಲ್ಲ ಸಮುದಾಯದವರೊಡನೆ ಬೆರೆತು ಬಾಳುತ್ತಿದ್ದಾರೆ. ದೇವದುರ್ಗ, ಮಾನ್ವಿ ತಾಲ್ಲೂಕುಗಳಿಂದ ರಾಯಚೂರು ನಗರಕ್ಕೆ ಬಂದ ವಿದ್ಯಾರ್ಥಿಗಳು ಮೂವರೋ ನಾಲ್ವರೋ ಕೂಡಿ ಒಂದು ಕೋಣೆ ಬಾಡಿಗೆ ಹಿಡಿದು, ಒಂದೇ ಒಲೆಯಲ್ಲಿ ಅಡಿಗೆ ಮಾಡಿಕೊಳ್ಳುತ್ತಾರೆ. ಅವರಲ್ಲಿ ಮಾಂಸ ಉಣ್ಣುವವರೂ ಉಂಟು, ಉಣ್ಣದವರೂ ಉಂಟು. ಇಂತಹ ಮಕ್ಕಳ ತಾಯಂದಿರು ನಮ್ಮಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು: ಮಾಂಸದಂತೆ ತೋರುವ ‘ಮೀಲ್ ಮೇಕರ್’ ಉಣ್ಣಬಹುದೇ? ಸಸ್ಯಾಹಾರದಿಂದ ದೇಹಕ್ಕೆ ಬೇಕಾದ ಬಲ ದೊರೆಯುವುದೇ? ಮಾಂಸಾಹಾರಿಗಳ ಪಕ್ಕದಲ್ಲಿ ಕುಳಿತು ಉಂಡರೆ ನೇಮಕ್ಕೆ ಭಂಗವೇ? ಇವುಗಳನ್ನು ಒಂದೊಂದಾಗಿ ವಿಚಾರಿಸೋಣ.

ಮೀಲ್ ಮೇಕರ್ ಎಂದರೇನು?

ಸೋಯಾ ಅವರೆಯಿಂದ ಎಣ್ಣೆಯನ್ನು ತೆಗೆದ ಬಳಿಕ ಉಳಿಯುವ ಹಿಟ್ಟನ್ನು ಶಾಖ ಮತ್ತು ಒತ್ತಡದಲ್ಲಿ ಬೇಯಿಸಿ, ಯಂತ್ರದ ರಂಧ್ರಗಳ ಮೂಲಕ ಹಾಯಿಸಿ, ಒಣಗಿಸಿದ ಪದಾರ್ಥವೇ ಮೀಲ್ ಮೇಕರ್. ನೆನೆದಾಗ ಅದು ನಾರುನಾರಾಗಿ ಮಾಂಸದಂತೆ ಭಾಸವಾಗುತ್ತದೆ. ಆದರೆ ಅದು ಶುದ್ಧ ದ್ವಿದಳ ಧಾನ್ಯ. ಗೋಧಿಯ ಅಂಟಿನಿಂದ ಮಾಂಸದಂತಹ ಖಾದ್ಯಗಳನ್ನು ತಯಾರಿಸುವ ಪದ್ಧತಿ ಚೀನಾದ ಬೌದ್ಧ ವಿಹಾರಗಳಲ್ಲಿ ಬಹುಕಾಲದಿಂದ ಇದೆ. ಅಹಿಂಸೆಯ ವ್ರತ ಹಿಡಿದವರೇ ಅದನ್ನು ಬೆಳೆಸಿದರು. ‘ಮಾಂಸ ಬೇಡವೆಂದ ಮೇಲೆ ಅದರ ರುಚಿ ಏಕೆ?’ ಎಂದು ಕೆಲವರು ಆಕ್ಷೇಪಿಸುವುದುಂಟು. ನಾಲಗೆಗೆ ಹಿತವಾಗುವುದು ಹೆಚ್ಚಾಗಿ ಮಸಾಲೆ ಮತ್ತು ಅಡಿಗೆಯ ಹದ. ಜೀವಹಿಂಸೆಯಿಲ್ಲದೆ ಆ ಹಿತ ದೊರೆತರೆ ಅದರಲ್ಲಿ ದೋಷವನ್ನು ಕಾಣಬೇಕಿಲ್ಲ. ಆದರೆ ಮಾಂಸ ತೊರೆದು ಹೊಸದಾಗಿ ನೇಮ ಹಿಡಿದವರಿಗೆ ಅದು ಹಳೆಯ ಬಯಕೆಯನ್ನು ಕೆರಳಿಸುವುದಾದರೆ, ಅಂಥವರು ದೂರವಿಡುವುದು ಲೇಸು.

ಸಂಹಿತೆಗಳ ಕಾಲದಲ್ಲಿ ಈ ಪದಾರ್ಥವಿರಲಿಲ್ಲ. ಆದರೂ ಅದನ್ನು ಅಳೆಯುವ ಕ್ರಮ ಅಲ್ಲಿಯೇ ಇದೆ. ಚರಕ ಸಂಹಿತೆಯ ವಿಮಾನಸ್ಥಾನವು ಆಹಾರದ ವಿಚಾರದಲ್ಲಿ ಎಂಟು ಸಂಗತಿಗಳನ್ನು ನೋಡಬೇಕೆನ್ನುತ್ತದೆ. ಅವುಗಳಲ್ಲಿ ಸಂಸ್ಕಾರ ಮತ್ತು ಪ್ರಮಾಣ ಇಲ್ಲಿ ಮುಖ್ಯ. ಶಮೀಧಾನ್ಯಗಳು ಸಾಮಾನ್ಯವಾಗಿ ವಾಯುವನ್ನು ಹೆಚ್ಚಿಸುತ್ತವೆ. ಆದ್ದರಿಂದ ಮೀಲ್ ಮೇಕರನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಹಿಂಡಿ, ಎರಡು ಬಾರಿ ತಣ್ಣೀರಿನಲ್ಲಿ ತೊಳೆದು, ಶುಂಠಿ, ಇಂಗು, ಜೀರಿಗೆ, ಅಜಿವಾನಗಳೊಡನೆ ಚೆನ್ನಾಗಿ ಬೇಯಿಸಬೇಕು. ಒಬ್ಬರಿಗೆ ಒಣ ತೂಕದಲ್ಲಿ 25ರಿಂದ 30 ಗ್ರಾಂ, ವಾರಕ್ಕೆ ಎರಡು ಮೂರು ಬಾರಿ ಸಾಕು. ಥೈರಾಯ್ಡ್ ಮಾತ್ರೆ ನುಂಗುವವರು ಮಾತ್ರೆಗೂ ಸೋಯಾ ಊಟಕ್ಕೂ ಕೆಲವು ಗಂಟೆಗಳ ಅಂತರವಿಡಬೇಕು.

ಪೇಟೆಯಲ್ಲಿ ಈಗ ಸಸ್ಯಮೂಲದ ‘ಮಾಂಸ’ದ ಪೊಟ್ಟಣಗಳೂ ದೊರೆಯುತ್ತವೆ. ಅವುಗಳಲ್ಲಿ ಉಪ್ಪು ಮತ್ತು ಕೊಬ್ಬು ಹೆಚ್ಚಿರುವುದುಂಟು. ಕೆಲವು ವಿದೇಶೀ ತಯಾರಿಕೆಗಳಲ್ಲಿ ಮೊಟ್ಟೆಯ ಬಿಳಿಯನ್ನೂ ಸೇರಿಸುತ್ತಾರೆ. ಚೌಕದೊಳಗಿನ ಹಸಿರು ಚುಕ್ಕೆಯನ್ನು ನೋಡಿಯೇ ಕೊಳ್ಳಬೇಕು. ಕಂದು ತ್ರಿಕೋನವಿದ್ದರೆ ಅದು ಮಾಂಸಾಹಾರದ ಗುರುತು.

ಬಾಳೆಹಣ್ಣು ಮೊಟ್ಟೆಗೆ ಸಮವೇ?

2021ರ ಡಿಸೆಂಬರಿನಲ್ಲಿ ಸರಕಾರವು ರಾಯಚೂರು ಸೇರಿದಂತೆ ಏಳು ಜಿಲ್ಲೆಗಳ ಶಾಲಾಮಕ್ಕಳಿಗೆ ಬಿಸಿಯೂಟದೊಡನೆ ಮೊಟ್ಟೆ ಕೊಡಲಾರಂಭಿಸಿತು. ಮೊಟ್ಟೆ ಒಲ್ಲದ ಮಕ್ಕಳಿಗೆ ಬಾಳೆಹಣ್ಣು ಎಂದಾಯಿತು. ಆಗ ಕೆಲವು ಮಠಾಧೀಶರಿಂದ ವಿರೋಧವೂ ವ್ಯಕ್ತವಾಯಿತು. ಆ ಚರ್ಚೆಯಲ್ಲಿ ಬಹಳ ಪಾಲಕರು ಗಮನಿಸದೆ ಹೋದ ಒಂದು ಸಂಗತಿಯನ್ನು ವೈದ್ಯರಾದ ನಾವು ಹೇಳಲೇಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಒಂದು ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ ಮಾತ್ರ. ನಮ್ಮ ಮಗು ಬಾಳೆಹಣ್ಣನ್ನು ಆರಿಸಿಕೊಂಡಿತೆಂದು ಸಂತೋಷಪಟ್ಟರೆ ಸಾಲದು. ಉಳಿದ 5 ಗ್ರಾಂ ತುಂಬಿಕೊಡುವ ಹೊಣೆ ಮನೆಯದು.

ಆ ಹೊಣೆ ಭಾರವಾದುದೇನಲ್ಲ. 12 ಗ್ರಾಂ ಒಣ ಮೀಲ್ ಮೇಕರಿನಲ್ಲಿ, ಒಂದು ಹಿಡಿ ಅಂದರೆ 25 ಗ್ರಾಂ ಶೇಂಗಾದಲ್ಲಿ, ಒಂದು ಲೋಟ ಹಾಲಿನಲ್ಲಿ ತಲಾ 6 ಗ್ರಾಂನಷ್ಟು ಪ್ರೋಟೀನ್ ದೊರೆಯುತ್ತದೆ. ತೊಗರಿ ನಮ್ಮ ಹೊಲದ ಬೆಳೆ. ಕಾಲುವೆಯ ನೀರು ಬಂದ ಮೇಲೆ ಮಾನ್ವಿಯ ಕಡೆ ಅನ್ನದ ಬಳಕೆ ಹೆಚ್ಚಾಗಿದೆ. ಅನ್ನದ ಮೇಲೆ ತಿಳಿಸಾರು ಸುರಿದುಕೊಂಡರೆ ಊಟ ಮುಗಿಯುತ್ತದೆ, ಪೋಷಣೆ ಆಗುವುದಿಲ್ಲ. ಜೋಳದ ರೊಟ್ಟಿ, ಗಟ್ಟಿಬೇಳೆ, ಪುಂಡಿಪಲ್ಯ, ಶೇಂಗಾಹಿಂಡಿ, ಮೊಸರು ಕೂಡಿದ ಹಳೆಯ ಊಟವೇ ಪರಿಪೂರ್ಣ. ದೊಡ್ಡವರಿಗೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಗುವವರಿಗೆ ದಿನಕ್ಕೆ ಸುಮಾರು 50 ಗ್ರಾಂ.

ಆದರೆ ಬಿ12 ಜೀವಸತ್ವವು ಬೇಳೆಯಲ್ಲಾಗಲಿ ಸಾಮಾನ್ಯ ಮೀಲ್ ಮೇಕರಿನಲ್ಲಾಗಲಿ ಇಲ್ಲ. ಸಸ್ಯಾಹಾರಿಗಳಿಗೆ ಹಾಲು, ಮೊಸರು, ಮಜ್ಜಿಗೆಗಳೇ ಅದರ ಆಧಾರ. ಹೈನು ಕಡಿಮೆಯಿರುವ ಮನೆಯವರು, ವಯಸ್ಸಾದವರು, ಬಸುರಿಯರು ಇದನ್ನು ಮರೆಯಬಾರದು. ಅಂಗಾಲು ಜುಮ್ಮೆನ್ನುವುದು, ನಾಲಗೆ ಉರಿಯುವುದು, ಕಾರಣವಿಲ್ಲದ ಆಯಾಸ ಇವು ಕಂಡರೆ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದರೆ ಮಾತ್ರೆ ಸೇವಿಸಬೇಕು. ಮಾತ್ರೆ ನುಂಗುವುದರಿಂದ ಸಸ್ಯಾಹಾರಕ್ಕೆ ಕುಂದಿಲ್ಲ.

ಒಂದೇ ಕೋಣೆ, ಒಂದೇ ಪಂಕ್ತಿ

ಮಾಂಸಾಹಾರವೆಲ್ಲ ರೋಗಕಾರಕವೆಂದು ನಮ್ಮವರು ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇವೆ. ಆಯುರ್ವೇದ ಹಾಗೆ ಹೇಳಿಲ್ಲ. ಚರಕ ಸಂಹಿತೆಯ ಅನ್ನಪಾನವಿಧಿ ಅಧ್ಯಾಯದಲ್ಲಿ ಮಾಂಸವರ್ಗವೂ ಇದೆ; ಅವುಗಳ ಗುಣದೋಷಗಳನ್ನು ಅಲ್ಲಿ ನಿಷ್ಪಕ್ಷಪಾತವಾಗಿ ವಿವರಿಸಿದೆ. ನಾವು ಮಾಂಸವನ್ನು ಬಿಟ್ಟಿರುವುದು ದಯೆಯಿಂದ, ಗುರುಗಳು ಕೊಟ್ಟ ಸಂಸ್ಕಾರದಿಂದ. ದಯೆಯಿಂದ ಹುಟ್ಟಿದ ನೇಮವು ಪಕ್ಕದವನ ಮೇಲೆ ತಿರಸ್ಕಾರವಾಗಿ ತಿರುಗಿದರೆ ಅದರ ಮೂಲವೇ ಒಣಗಿದಂತೆ.

ಒಂದೇ ಅಡಿಗೆಮನೆಯನ್ನು ಹಂಚಿಕೊಳ್ಳುವವರು ಕೆಲವು ಏರ್ಪಾಡುಗಳನ್ನು ಮೊದಲ ದಿನವೇ ಮಾಡಿಕೊಳ್ಳಬೇಕು. ಚಾಕು, ಹೆಚ್ಚುವ ಮಣೆ, ಸೌಟು, ಬಾಣಲೆ ಬೇರೆಯಿರಲಿ. ಸಸ್ಯದ ಅಡಿಗೆ ಮೊದಲು, ಮಾಂಸದ ಅಡಿಗೆ ನಂತರ. ಕರಿದ ಎಣ್ಣೆಯನ್ನು ಬೆರೆಸಬಾರದು. ಹಸಿ ಮಾಂಸವನ್ನು ತರಕಾರಿಯಿಂದ ದೂರವಿಡುವುದು ಇಬ್ಬರ ಆರೋಗ್ಯಕ್ಕೂ ಅಗತ್ಯ. ಬೇರೆಯವರ ಮನೆಯಲ್ಲಿ ಊಟಕ್ಕೆ ಕುಳಿತಾಗ, ‘ಅಕ್ಕಾ, ನನಗ ರೊಟ್ಟಿ, ಪಲ್ಯ, ಮಜ್ಜಿಗಿ ಇದ್ರ ಸಾಕು’ ಎಂದು ನಗುಮೊಗದಿಂದ ಹೇಳಿದರೆ ಬೇಸರಪಡುವವರು ವಿರಳ. ಮೂಗು ಮುಚ್ಚಿಕೊಳ್ಳುವುದು, ತಟ್ಟೆಯತ್ತ ನೋಡಿ ಮುಖ ಸಿಂಡರಿಸುವುದು ಮಾತ್ರ ಎಂತಹ ಸ್ನೇಹವನ್ನೂ ಕೆಡಿಸುತ್ತದೆ. ಪ್ರಸನ್ನ ಮನಸ್ಸಿನಿಂದ ಉಣ್ಣದ ಅನ್ನ ಸರಿಯಾಗಿ ಪಚನವಾಗದೆಂಬುದೂ ನಮ್ಮ ಶಾಸ್ತ್ರದ ಮಾತು. ಹಾಗೆಯೇ, ಹಾಸ್ಯಕ್ಕಾಗಿ ನಮ್ಮ ತಟ್ಟೆಗೆ ಮಾಂಸದ ಸಾರು ಬಡಿಸುವವರಿಗೆ ‘ಬೇಡ’ ಎಂದು ದೃಢವಾಗಿ ಹೇಳುವ ಹಕ್ಕು ನಮ್ಮದು. ಅದರಲ್ಲಿ ಸಂಕೋಚ ಬೇಡ.

ಬಿಸಿಯೂಟದ ಸಾಲಿನಲ್ಲಿ ಮೊಟ್ಟೆ ತಿನ್ನುವ ಮಗುವೂ ಬಾಳೆಹಣ್ಣು ತಿನ್ನುವ ಮಗುವೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂಡುತ್ತವೆ. ‘ಅವನ ಪಕ್ಕ ಕೂಡಬೇಡ’ ಎಂಬ ಮಾತು ಆ ಮಕ್ಕಳಿಗೆ ತಾನಾಗಿ ಹೊಳೆಯುವುದಿಲ್ಲ, ದೊಡ್ಡವರು ಕಲಿಸಿದರೆ ಮಾತ್ರ ಬರುತ್ತದೆ. ಕುಲ ಕೇಳದೆ ಪಂಕ್ತಿಯಲ್ಲಿ ಕೂಡಿಸಿ ಉಣಿಸಿದ ದಾಸೋಹದ ಪರಂಪರೆಯವರು ನಾವು. ಪದಾರ್ಥವನ್ನು ಪ್ರಸಾದವಾಗಿಸುವುದು ಅರ್ಪಣೆಯ ಭಾವ. ಪಕ್ಕದವನ ತಟ್ಟೆ ಅದನ್ನು ಕೆಡಿಸಲಾರದು. ನಮ್ಮ ತಟ್ಟೆಯಲ್ಲಿ ನೇಮವಿರಲಿ, ಮಕ್ಕಳ ತಟ್ಟೆಯಲ್ಲಿ ಪೋಷಣೆಯೂ ಇರಲಿ, ಪಂಕ್ತಿ ಮುರಿಯದಿರಲಿ.