ಡಿಸ್ಕ್ ನಿಧಾನವೇ? ಮೊದಲು ಡ್ರೈವರನ್ನು ನೋಡಿ

ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಕಡತ ತೆರೆಯಲು ನಿಮಿಷಗಟ್ಟಲೆ ಕಾಯಬೇಕಾಗಿ ಬಂದರೆ, ಡಿಸ್ಕ್ ಕೆಟ್ಟಿತೆಂದು ಯಂತ್ರವನ್ನೇ ಗುಜರಿಗೆ ಹಾಕುವವರುಂಟು. ಆದರೆ ದೋಷ ಡಿಸ್ಕಿನದಾಗಿರದೆ ಅದನ್ನು ನಡೆಸುವ ಡ್ರೈವರಿನದೂ ಆಗಿರಬಹುದು.

ಡಿಸ್ಕಿನಿಂದ ಮಾಹಿತಿ ಬರುವ ಕ್ರಮ ಎರಡು. 'ಪಿಐಓ' ಎಂಬ ಹಳೆಯ ಕ್ರಮದಲ್ಲಿ ಪ್ರೊಸೆಸರೇ ಪ್ರತಿಯೊಂದು ತುಣುಕನ್ನೂ ಹೊತ್ತು ಮೆಮೊರಿಗೆ ಸೇರಿಸಬೇಕು. ಇದರ 4ನೆಯ ದರ್ಜೆಯ ಪರಮಾವಧಿ ವೇಗ ಸೆಕೆಂಡಿಗೆ 16.6 ಮೆಗಾಬೈಟ್. 'ಡಿಎಂಎ' ಕ್ರಮದಲ್ಲಾದರೋ ಕಂಟ್ರೋಲರ್ ನೇರವಾಗಿ ಮೆಮೊರಿಗೆ ತುಂಬುತ್ತದೆ. ಮೊದಲ ತಲೆಮಾರಿನ ಸಾಟಾ ದಾರಿಯಲ್ಲಿಯೇ 150 ಮೆಗಾಬೈಟ್‌ವರೆಗೆ ಸಾಗಬಲ್ಲದು.

ಬಯಾಸಿನಲ್ಲಿ ಸಾಟಾ ಡಿಸ್ಕಿಗೆ 'ಐಡಿಇ' ಎಂದು ನಮೂದಾಗಿದ್ದರೆ, ಹಳೆಯ ಕರ್ನೆಲುಗಳಲ್ಲಿ ಸಾಮಾನ್ಯ ಐಡಿಇ ಡ್ರೈವರು ಡಿಸ್ಕನ್ನು ಹಿಡಿದುಕೊಂಡು ಪಿಐಓ ಕ್ರಮದಲ್ಲೇ ನಡೆಸುವುದುಂಟು. ಆ ಹಳೆಯ ಡ್ರೈವರುಗಳನ್ನು 2021ರ 5.14ನೆಯ ಕರ್ನೆಲಿನಲ್ಲಿ ತೆಗೆದುಹಾಕಲಾಯಿತು.

ಪರೀಕ್ಷೆ ಸುಲಭ. 'ಎಲ್‌ಎಸ್‌ಪಿಸಿಐ -ಕೆ' ಎಂಬ ಆಜ್ಞೆ ಡ್ರೈವರಿನ ಹೆಸರನ್ನೂ, 'ಎಚ್‌ಡಿಪಾರ್ಮ್ -ಟಿ' ಓದುವ ವೇಗವನ್ನೂ ತಿಳಿಸುತ್ತವೆ. ಇಲ್ಲಿ 'ಟಿ' ಸಣ್ಣಕ್ಷರವೇ ಆಗಿರತಕ್ಕದ್ದು. ವೇಗ ಬಹಳ ಕಡಿಮೆಯಿದ್ದರೆ, ಮೊದಲು ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಂಡು, ಬಯಾಸಿನಲ್ಲಿ 'ಎಎಚ್‌ಸಿಐ' ಆಯ್ದು ಯಂತ್ರವನ್ನು ಮತ್ತೆ ಆರಂಭಿಸಿರಿ. ಅದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದರೆ, ಅದನ್ನು ಮೊದಲೇ ಅಣಿಗೊಳಿಸದೆ ಬದಲಾಯಿಸಕೂಡದು. ಅದು ತೆರೆಯದೆ ಹೋಗಬಹುದು.

ಇಷ್ಟಾದರೂ ವೇಗ ಬಾರದಿದ್ದರೆ ಡಿಸ್ಕನ್ನೇ ಶಂಕಿಸಬೇಕು. ಓದುವಲ್ಲಿ ಪದೇ ಪದೇ ತಪ್ಪು ಕಂಡಾಗ ಲಿನಕ್ಸ್ ತಾನಾಗಿಯೇ ವೇಗ ಇಳಿಸುತ್ತದೆ. ಅಂಥ ಡಿಸ್ಕನ್ನು ನಂಬಿ ಕೂಡದೆ ಬದಲಿಸುವುದೇ ಕ್ಷೇಮ.